ಹಾಸ್ಟೆಲ್ ಕೋಣೆ ಬಿಡದ ಕುಲಪತಿ, ಗಡಿಸೀಮೆ ಮರೆಯದ ಮೇಷ್ಟ್ರು

ಅಗಳಿ: ವಿಶ್ವವಿದ್ಯಾಲಯದ ಕುಲಪತಿಗಳು ನಿವೃತ್ತರಾದರೆ ಶಾಲು, ಹಾರ, ಫಲತಾಂಬೂಲ, ಒಂದು ಅಭಿನಂದನಾ ಗ್ರಂಥ ಎಲ್ಲಾ ಕಡೆ ಇದ್ದದ್ದೇ. ವರ್ಷ ಕಳೆದ ಮೇಲೆ ಅವರ ಹೆಸರು ನೆನಪಿಟ್ಟುಕೊಳ್ಳುವವರು ಕಡಿಮೆ. ಆದರೆ ಕುರ್ಚಿ ಬಿಟ್ಟು ದಶಕಗಳಾದರೂ ಗಡಿಸೀಮೆಯ ಶಿಕ್ಷಕರ ಬಾಯಲ್ಲಿ ಉಳಿದಿರುವ ಹೆಸರೊಂದಿದೆ. ಅದು ಡಾ. ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲೂ ಬರೀ 'ಎಚ್ಚೆನ್'.

ಅಗಳಿಯಿಂದ ಮಡಕಶಿರಾ, ಹಿಂದೂಪುರ ದಾಟಿದರೆ ಗೌರಿಬಿದನೂರು. ಆ ತಾಲ್ಲೂಕಿನ ಹೊಸೂರು ಎಚ್ಚೆನ್ ಅವರ ಊರು. ಹುಟ್ಟಿದ್ದು 1920ರ ಜೂನ್ 6ರಂದು, ಕಡುಬಡತನದ ಮನೆಯಲ್ಲಿ. ಉತ್ತರ ಪಿನಾಕಿನಿ ಹರಿದರೂ ನೀರಿಗೆ ಬಾಯಿ ಬಿಡುವ ಸೀಮೆ ಅದು. ಆ ಕಡೆಗೂ ಈ ಕಡೆಗೂ ಮಳೆ ನಂಬಿದ ಹೊಲ ಒಂದೇ, ಮಕ್ಕಳನ್ನು ಓದಿಸುವ ಕಷ್ಟವೂ ಒಂದೇ.

ಬಸ್ ಚಾರ್ಜಿಗೆ ಕಾಸಿಲ್ಲ

ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗನಿಗೆ ಊರಲ್ಲಿ ಹೈಸ್ಕೂಲು ಇರಲಿಲ್ಲ. ಬೆಂಗಳೂರಿಗೆ ಹೋಗಲು ಬಸ್ ಚಾರ್ಜಿಗೂ ಕಾಸಿರಲಿಲ್ಲ. 1935ರಲ್ಲಿ ಹೊಸೂರಿನಿಂದ ಎರಡು ದಿನ ನಡೆದುಕೊಂಡೇ ಹೋಗಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ್ದು ಇದೇ ಹುಡುಗ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ನಿಲ್ಲಿಸಿ ಜೈಲಿಗೆ ಹೋದರು. ಹೊರಬಂದ ಮೇಲೆ ಭೌತವಿಜ್ಞಾನದ ಓದು ಮುಗಿಸಿ 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರೂ ಅಲ್ಲೇ ಉಳಿಯಲಿಲ್ಲ. ಅದೇ ಕಾಲೇಜಿಗೆ ಬಂದು ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಕೇಳಿಸಿದರು.

ಐದು ವರ್ಷದ ಆಡಳಿತ

1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ (ಆಗಿನ ಮಾತಿನಲ್ಲಿ ಉಪಕುಲಪತಿ) ಹುದ್ದೆ ಬಂತು. 1977ರವರೆಗೆ ಅಲ್ಲಿದ್ದರು. ಜ್ಞಾನಭಾರತಿ ಆವರಣ ಬೆಳೆದದ್ದು ಅವರ ಕಾಲದಲ್ಲಿ. ನೃತ್ಯ, ನಾಟಕ, ಸಂಗೀತಕ್ಕೂ ವಿಶ್ವವಿದ್ಯಾಲಯದಲ್ಲಿ ಜಾಗ ಸಿಕ್ಕಿದ್ದು ಆಗಲೇ. ಪರಮಾಣು ವಿಜ್ಞಾನ ಓದಿದವರು ಕಲೆಗೂ ಬಾಗಿಲು ತೆರೆದರು ಎಂಬುದು ವಿಶೇಷ.

ಹುದ್ದೆ ದೊಡ್ಡದಾದರೂ ವಾಸ ಬದಲಾಗಲಿಲ್ಲ. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೇ ಮನೆ, ಖಾದಿ ಪಂಚೆ, ಜುಬ್ಬಾ, ಟೋಪಿಯೇ ಉಡುಪು. ಮದುವೆಯಾಗಲಿಲ್ಲ. ಹೀಗಾಗಿ 1977ರಲ್ಲಿ ಅಧಿಕಾರ ಮುಗಿದಾಗ ಬಂಗಲೆ ಖಾಲಿ ಮಾಡುವ ಪ್ರಮೇಯವೇ ಬರಲಿಲ್ಲ.

ಪವಾಡ ಪರೀಕ್ಷೆ

ಈ ಭಾಗದ ಜನ ಅವರನ್ನು ನೆನೆಯಲು ಇನ್ನೊಂದು ಕಾರಣವಿದೆ. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ವಿಶ್ವವಿದ್ಯಾಲಯದಲ್ಲಿ ಸಮಿತಿ ರಚಿಸಿ, ಅದರ ಮುಂದಾಳತ್ವ ವಹಿಸಿದರು. ಪರೀಕ್ಷೆಗೆ ಒಪ್ಪಿಕೊಳ್ಳುವಂತೆ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಪರ, ವಿರೋಧ ಎರಡೂ ಜೋರಾಯಿತು. 1977ರಲ್ಲಿ ಸಮಿತಿಯ ಕೆಲಸವೂ ಮುಗಿಯಿತು. ಅಗಳಿ ಸೇರಿದಂತೆ ಮಡಕಶಿರಾ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಬಾಬಾ ಭಕ್ತರ ಮನೆಗಳೂ ಇಲ್ಲಿವೆ, ಎಚ್ಚೆನ್ ಅಭಿಮಾನಿಗಳ ಮನೆಗಳೂ ಇವೆ. ಒಪ್ಪುವುದು ಬಿಡುವುದು ಅವರವರಿಗೆ ಸೇರಿದ್ದು. ಪ್ರಶ್ನೆ ಕೇಳುವುದು ತಪ್ಪಲ್ಲ ಎಂದು ಕುಲಪತಿಯ ಕುರ್ಚಿಯಲ್ಲಿ ಕೂತೇ ತೋರಿಸಿದ ಧೈರ್ಯ ಮಾತ್ರ ಸಣ್ಣದಲ್ಲ.

ಊರಿಗೆ ಬಂದ ಕಾಲೇಜು

ನ್ಯಾಷನಲ್ ಎಜುಕೇಷನ್ ಸೊಸೈಟಿಯ ಮುಂದಾಳಾಗಿ ಅವರು ಮಾಡಿದ ಕೆಲಸ ಗಡಿಯವರಿಗೆ ಹತ್ತಿರದ್ದು. ತಾವು ಎರಡು ದಿನ ನಡೆದ ಹಾದಿಯನ್ನು ಬೇರೆ ಮಕ್ಕಳು ನಡೆಯಬಾರದೆಂದು ಹುಟ್ಟೂರು ಹೊಸೂರಿಗೆ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ಎರಡೂ ತಾಲ್ಲೂಕುಗಳು ಆಂಧ್ರದ ಗಡಿಗೆ ಅಂಟಿಕೊಂಡಂಥವು.

1984ರಲ್ಲಿ ಪದ್ಮಭೂಷಣ ಬಂತು. 2005ರ ಜನವರಿ 31ರಂದು ಅವರು ತೀರಿಕೊಂಡರು. ಕೊನೆತನಕ ಅದೇ ಹಾಸ್ಟೆಲು.

ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಹತ್ತನೇ ತರಗತಿ ಆದ ಮೇಲೆ 'ಮುಂದೆಲ್ಲಿ?' ಎಂಬ ಪ್ರಶ್ನೆ ಎದುರಾಗುತ್ತದೆ. ಮಡಕಶಿರಾ, ಹಿಂದೂಪುರಕ್ಕೆ ಹೋದರೆ ಭಾಷೆ ಬದಲಾಗುತ್ತದೆ. ಶಿರಾ, ತುಮಕೂರಿಗೆ ಹೋದರೆ ರಾಜ್ಯ ಬದಲಾಗುತ್ತದೆ. ಹೆಣ್ಣುಮಕ್ಕಳಾದರೆ ದೂರ ಎಂಬ ಒಂದೇ ಮಾತಿಗೆ ಓದು ನಿಲ್ಲುವುದೂ ಉಂಟು. ಕಾಲೇಜನ್ನೇ ಮಕ್ಕಳ ಹತ್ತಿರ ತಂದ ಎಚ್ಚೆನ್ ಅವರ ಕೆಲಸ ಇಲ್ಲಿಗೂ ಬೇಕಾದದ್ದು.

ಅವರ ಆತ್ಮಕಥೆ 'ಹೋರಾಟದ ಹಾದಿ' ಕನ್ನಡದಲ್ಲೇ ಇದೆ. ಗಡಿಯ ಕನ್ನಡ ಶಾಲೆಗಳ ಗ್ರಂಥಾಲಯಕ್ಕೆ ಒಂದೊಂದು ಪ್ರತಿ ತರಿಸಿಟ್ಟರೆ ಮಕ್ಕಳು ತಾವೇ ಓದಿಕೊಳ್ಳಬಹುದು. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.