ಅವ್ವನ ಹೆಬ್ಬೆರಳು

ಅಪ್ಪ ಹೋದ ಮೇಲೆ ಬನಹಟ್ಟಿಯ ಮನೆಯ ಮಗ್ಗ ಮಾರಿದೆವು. ಕಂಡಿಕೆ ಸುತ್ತುವ ರಾಟಿಯನ್ನು ಮಾತ್ರ ಅವ್ವ ಕೊಡಲಿಲ್ಲ. 78ರ ಆಕೆ ನೂಲಿಲ್ಲದ ರಾಟಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದಳು.

"ಏನಾಗೈತಿ ಬೇ ಯವ್ವಾ?"

"ಏನಿಲ್ಲವಾ, ಎದಿ ಭಾರ ಆಗೈತಿ. ಕೈಕಾಲು ಹರೀತಾವು."

ಜಮಖಂಡಿಗೆ ಕರೆದೊಯ್ದು ರಕ್ತ, ಇಸಿಜಿ ಎಲ್ಲ ಮಾಡಿಸಿದೆ. ಶಕ್ತಿಯ ಗುಳಿಗೆ ಸಿಕ್ಕಿತು. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪ್ರಶ್ನೆ ಕೇಳುತ್ತಲೇ ಬದುಕಿದ ನಾನೂ ಕೇಳಲಿಲ್ಲ.

ವಯಸ್ಸಾದವರ ಕುರಿತು ದೇಶದಾದ್ಯಂತ 2017–18ರಲ್ಲಿ ನಡೆದ 'ಲಾಸಿ' ಸಮೀಕ್ಷೆಯಲ್ಲಿ 60 ದಾಟಿದವರ ಪೈಕಿ ಶೇ 8.3 ಮಂದಿಯಲ್ಲಿ ಖಿನ್ನತೆ ಕಂಡಿತು. ಹಾಗೆಂದು ವೈದ್ಯರಿಂದ ಹೇಳಿಸಿಕೊಂಡಿದ್ದವರು ಶೇ 0.8 ಮಾತ್ರ. ಉಳಿದವರೆಲ್ಲ ಅವ್ವನ ಹಾಗೆ ಎದೆಭಾರದವರೇ ಇರಬೇಕು. ಓದು ಇಲ್ಲದವರು, ಬಡವರು, ಗಂಡನನ್ನು ಕಳೆದುಕೊಂಡವರಲ್ಲಿ ಇದು ಹೆಚ್ಚು.

ಓದಿಗೂ ಮನಸ್ಸಿಗೂ ಎಲ್ಲಿಯ ನಂಟು? 1951ರ ಜನಗಣತಿಯಲ್ಲಿ ದೇಶದ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು ಒಂಬತ್ತೂ ಇರಲಿಲ್ಲ. ಆ ಕಾಲದ ಮಗು ಅವ್ವ. ಬಸ್ಸಿನ ಬೋರ್ಡು, ಗುಳಿಗೆ ಚೀಟಿ, ಮೊಬೈಲು, ಎಲ್ಲಕ್ಕೂ ಇನ್ನೊಬ್ಬರನ್ನು ಕೇಳಬೇಕು. ಅಪ್ಪ ಇರುವತನಕ ಅದು ಕೇಳಿದಂತೆ ಅನ್ನಿಸಿರಲಿಲ್ಲ. ಒಮ್ಮೆ ಪಿಂಚಣಿಗೆ ಹೋದಾಗ ನೂಲಿಗೆ ಸವೆದ ಆಕೆಯ ಹೆಬ್ಬೆರಳನ್ನು ಯಂತ್ರ ಗುರುತಿಸಲಿಲ್ಲ. ಸೆರಗಿಗೆ ಒರೆಸಿ ಒರೆಸಿ ನಾಲ್ಕು ಸಲ ಒತ್ತಿದಳು. ಹಿಂದೆ ಸಾಲು ಗೊಣಗುತ್ತಿತ್ತು. ಮನೆಗೆ ಬರುವವರೆಗೂ ಆ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೇ ಇದ್ದಳು.

ಓದಿದವರಿಗೆ ಖಿನ್ನತೆ ಬರುವುದಿಲ್ಲವೆಂದಲ್ಲ. ಬೀಳಗಿ ಕಡೆಯ ನಮ್ಮ ಹಳೆಯ ಹೆಡ್‌ಮಾಸ್ತರರ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿತು. ಪಿಂಚಣಿಯಿದೆ, ಮನೆಗೆ ಎರಡು ಪತ್ರಿಕೆ ಬರುತ್ತವೆ, ಆದರೂ ಪುನರ್ವಸತಿ ಕೇಂದ್ರದಲ್ಲಿ ಮಂಕಾದರು. ಅವರು ಮಾತ್ರ ತಾವೇ ಚೀಟಿ ಬರೆದುಕೊಂಡು ವೈದ್ಯರ ಬಳಿ ಹೋದರು: ನಿದ್ದೆಯಿಲ್ಲ, ಓದಿದ್ದು ತಲೆಗೆ ಹೋಗುತ್ತಿಲ್ಲ, ಅಳು ಬರುತ್ತದೆ. ಇತ್ತ ಮುಧೋಳದ ಚಿಗವ್ವ ಅವ್ವನಷ್ಟೇ ನಿರಕ್ಷರಿ. ಹೊಲ ಆಕೆಯ ಹೆಸರಲ್ಲಿದೆ, ಕಬ್ಬಿನ ಬಿಲ್ಲು ಬಂದರೆ ಮಕ್ಕಳು ಆಕೆಯನ್ನೇ ಕೇಳಬೇಕು. ದನಿ ಇಡೀ ಓಣಿಗೆ ಕೇಳುತ್ತದೆ!

ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಕೊನೆಗೆ ಅವ್ವನನ್ನೂ ಮನೋವೈದ್ಯರಿಗೆ ತೋರಿಸಿದೆ. "ಕೈಗೆ ಕೆಲಸ ಇಲ್ರಿ ಸಾಹೇಬ್ರ" ಅಂದಳು, ಅಷ್ಟೇ.

ಅವರು ಕೊಟ್ಟ ಗುಳಿಗೆ ಕೆಲವು ವಾರಕ್ಕೆ ಹಿಡಿಯಿತು. ಈಗ ನೆರೆಮನೆಯವರು ದಿನಾ ಒಂದಿಷ್ಟು ನೂಲು ಕಳಿಸುತ್ತಾರೆ. ಕಂಡಿಕೆಯ ಕೂಲಿಯನ್ನು ಆಕೆ ಬಾಯಿಲೆಕ್ಕದಲ್ಲೇ ಹೇಳುತ್ತಾಳೆ. ನಾನು ಬರೆದಿಟ್ಟ ಲೆಕ್ಕವನ್ನು ನಂಬುವುದಿಲ್ಲ.