ಕೇಳುವವರ ಮುಖ

ಸಿತಾರ್ ಕೇಳಿಸುತ್ತಿದೆ. ನುಡಿಸುತ್ತಿರುವವರು ಮಾತ್ರ ಪರದೆಯ ಮೇಲಿಲ್ಲ. ಅಲ್ಲಿರುವುದು ಜನ. ಮಡಿಸುವ ಕುರ್ಚಿಗಳ ಸಾಲಿನಲ್ಲಿ ಕೂತವರು, ಹುಲ್ಲಿನ ಮೇಲೆ ಒರಗಿದವರು, ಹೂ ಮುಡಿದ ಹುಡುಗಿಯರು, ರಾತ್ರಿಯ ನಿದ್ದೆಯನ್ನು ಇನ್ನೂ ಕಣ್ಣಲ್ಲೇ ಉಳಿಸಿಕೊಂಡ ಹುಡುಗರು. ನಿಮಿಷಗಳು ಕಳೆದರೂ ಕ್ಯಾಮೆರಾ ವೇದಿಕೆಯ ಕಡೆ ತಿರುಗುವುದಿಲ್ಲ. ಒಬ್ಬರ ಕಣ್ಣು ಮುಚ್ಚಿದೆ, ಇನ್ನೊಬ್ಬರ ತಲೆ ತೂಗುತ್ತಿದೆ. ಆ ಗುಂಪಿನಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೂಡ ಇದ್ದಾನೆ, ಬರೀ ಕೇಳುಗನಾಗಿ. ನಾವು ಈ ಮುಖಗಳಿಗೆ ಪೂರ್ತಿ ಒಗ್ಗಿಹೋದ ಮೇಲೆಯೇ ಕಲಾವಿದರು ಕಾಣಿಸಿಕೊಳ್ಳುತ್ತಾರೆ: ರವಿಶಂಕರ್, ತಬಲಾದಲ್ಲಿ ಅಲ್ಲಾ ರಖಾ, ತಂಬೂರಿ ಹಿಡಿದ ಕಮಲಾ ಚಕ್ರವರ್ತಿ.

ಡಿ.ಎ. ಪೆನ್ನೆಬೇಕರ್ ನಿರ್ದೇಶಿಸಿದ ‘ಮಾಂಟೆರೆ ಪಾಪ್’ ಸಾಕ್ಷ್ಯಚಿತ್ರದ ಕೊನೆಯ ಭಾಗ ಇದು. ಚಿತ್ರದ ಒಟ್ಟು ಅವಧಿ ಸುಮಾರು 78 ನಿಮಿಷ. ಅದರಲ್ಲಿ ಸುಮಾರು 18 ನಿಮಿಷ, ಅಂದರೆ ಹತ್ತಿರ ಹತ್ತಿರ ಕಾಲುಭಾಗ, ಒಂದೇ ಒಂದು ಧುನ್‌ಗೆ ಮೀಸಲು. ದಾದ್ರಾ ತಾಳದಲ್ಲಿ ಶುರುವಾಗಿ ವೇಗದ ತೀನ್‌ತಾಲಕ್ಕೆ ಏರುವ ಧುನ್ ಅದು. ರಾಕ್ ಸಂಗೀತದ ಚಿತ್ರವೊಂದು ತನ್ನ ಶಿಖರದ ಜಾಗವನ್ನು ಸಿತಾರಿಗೆ ಬಿಟ್ಟುಕೊಟ್ಟಿರುವುದೇ ಒಂದು ವಿಸ್ಮಯ. ಚಿತ್ರೋತ್ಸವವೊಂದರಲ್ಲಿ, ಜೀರ್ಣೋದ್ಧಾರಗೊಂಡ ಹಳೆಯ ಚಿತ್ರಗಳ ವಿಭಾಗದಲ್ಲಿ, ತುಂಬಿದ ಸಭಾಂಗಣದಲ್ಲಿ ಕೂತು ನಾನು ಇದನ್ನು ನೋಡಿದೆ. ಹೆಂಡ್ರಿಕ್ಸ್‌ಗಾಗಿ ಬಂದಿದ್ದ ಕಾಲೇಜು ಹುಡುಗರು ಸಿತಾರ್ ಮುಗಿಯುವವರೆಗೂ ಅಲುಗಾಡಲಿಲ್ಲ. ರಾಕ್ ಸಾಕ್ಷ್ಯಚಿತ್ರ ಎಂಬ ಕಸುಬಿನ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಆಗಲೇ.

ಮಾಂಟೆರೆ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ. ಅಲ್ಲಿನ ಜಾತ್ರೆ ಮೈದಾನದಲ್ಲಿ 1958ರಿಂದಲೇ ಜಾಝ್ ಉತ್ಸವ ನಡೆಯುತ್ತಿತ್ತು. ಜಾಝ್‌ಗೆ ಸಿಕ್ಕಿದ ಮರ್ಯಾದೆ ರಾಕ್ ಸಂಗೀತಕ್ಕೂ ಸಿಗಲಿ ಎಂದು ನಿರ್ಮಾಪಕ ಲೂ ಆಡ್ಲರ್, ಗಾಯಕ ಜಾನ್ ಫಿಲಿಪ್ಸ್ ಮತ್ತು ಗೆಳೆಯರು 1967ರ ಜೂನ್ 16ರಿಂದ 18ರವರೆಗೆ ಅದೇ ಮೈದಾನದಲ್ಲಿ ಪಾಪ್ ಉತ್ಸವ ಏರ್ಪಡಿಸಿದರು. ಕಲಾವಿದರಲ್ಲಿ ಹೆಚ್ಚಿನವರು ಸಂಭಾವನೆ ಪಡೆಯದೆ ಹಾಡಿದರು. ರವಿಶಂಕರ್ ಅವರಿಗೆ 3,000 ಡಾಲರ್ ಕೊಟ್ಟರು. ಅದಕ್ಕಿಂತ ದೊಡ್ಡ ಗೌರವ ಇನ್ನೊಂದಿತ್ತು: ಭಾನುವಾರದ ಮಧ್ಯಾಹ್ನವಿಡೀ ಅವರೊಬ್ಬರದೇ.

ಚಿತ್ರೀಕರಣಕ್ಕೆ ದುಡ್ಡು ಹಾಕಿದ್ದು ಎಬಿಸಿ ಎಂಬ ಟೆಲಿವಿಷನ್ ಸಂಸ್ಥೆ. ಗಿಟಾರಿಗೆ ಬೆಂಕಿ ಇಟ್ಟ ಹೆಂಡ್ರಿಕ್ಸ್‌ನ ಪ್ರದರ್ಶನದ ದೃಶ್ಯ ನೋಡಿದ ಮೇಲೆ ಸಂಸ್ಥೆಯ ಮುಖ್ಯಸ್ಥರು ಇದು ನಮ್ಮ ಮನೆಮನೆಯ ಟಿ.ವಿ.ಗೆ ಹೊಂದುವುದಿಲ್ಲ ಎಂದು ಕೈಬಿಟ್ಟರು. ಕಿರುತೆರೆಗೆಂದು ಹುಟ್ಟಿದ ಚಿತ್ರ ಹೀಗೆ 1968ರಲ್ಲಿ ಹಿರಿತೆರೆಗೆ ಬಂತು. 16 ಎಂ.ಎಂ.ನಲ್ಲಿ ಚಿತ್ರಿಸಿದ್ದನ್ನು 35 ಎಂ.ಎಂ.ಗೆ ಹಿಗ್ಗಿಸಿದರು. ಅಂದಿನ ನಿರಾಕರಣೆ ಇಂದಿನ ನೋಡುಗರ ಪಾಲಿಗೆ ವರವಾಯಿತು ಎನ್ನಬೇಕು. ಇಷ್ಟು ಜನರ ಮುಖಗಳನ್ನು ಇಷ್ಟು ಜನರ ನಡುವೆಯೇ ಕೂತು ನೋಡಬೇಕು.

ಪೆನ್ನೆಬೇಕರ್ ಹುಟ್ಟಿದ್ದು 1925ರಲ್ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಮೊದಲ ಚಿತ್ರ ‘ಡೇಬ್ರೇಕ್ ಎಕ್ಸ್‌ಪ್ರೆಸ್’ (1953) ಬರೀ ಐದು ನಿಮಿಷದ್ದು: ನ್ಯೂಯಾರ್ಕಿನ ಮೇಲ್ಸೇತುವೆ ರೈಲಿನ ಬೆಳಗಿನ ಓಟ, ಜೊತೆಗೆ ಡ್ಯೂಕ್ ಎಲಿಂಗ್ಟನ್ ಅವರ ಜಾಝ್. ಮಾತಿಲ್ಲ, ವಿವರಣೆಯಿಲ್ಲ. ಸಂಗೀತದ ನಡಿಗೆಗೆ ದೃಶ್ಯವನ್ನು ಹೆಣೆಯುವ ಅವರ ಸ್ವಭಾವ ಅಲ್ಲೇ ಇದೆ. ಆದರೆ ಅವರ ಮನಸ್ಸಿನಲ್ಲಿದ್ದ ಸಿನಿಮಾ ತೆಗೆಯಲು ಬೇಕಾದ ಯಂತ್ರವೇ ಆಗ ಇರಲಿಲ್ಲ.

ಆ ಯಂತ್ರದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಆ ಕಾಲದಲ್ಲಿ ದೃಶ್ಯವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಕ್ಯಾಮೆರಾ ಎಂದರೆ ಭಾರ. ಮೂರು ಕಾಲಿನ ಸ್ಟ್ಯಾಂಡ್ ಬಿಟ್ಟು ಏಳುವಂತಿರಲಿಲ್ಲ. ಹಾಗಾಗಿ ಬದುಕೇ ಕ್ಯಾಮೆರಾದ ಮುಂದೆ ಬಂದು ನಿಲ್ಲಬೇಕಿತ್ತು. 1960ರ ಸುಮಾರಿಗೆ ಸಾಕ್ಷ್ಯಚಿತ್ರ ನಿರ್ಮಾಪಕ ರಾಬರ್ಟ್ ಡ್ರೂ ಅವರ ಬಳಗದಲ್ಲಿದ್ದ ರಿಚರ್ಡ್ ಲೀಕಾಕ್, ಪೆನ್ನೆಬೇಕರ್, ಆಲ್ಬರ್ಟ್ ಮೇಸಲ್ಸ್ ಮೊದಲಾದವರು ಇದನ್ನು ತಲೆಕೆಳಗು ಮಾಡಲು ಹೊರಟರು. ಆರಿಕಾನ್ ಎಂಬ ಕ್ಯಾಮೆರಾವನ್ನು ಬಿಚ್ಚಿ, ತೂಕ ಇಳಿಸಿ, ಹೆಗಲ ಮೇಲೆ ಕೂರುವ ಹಾಗೆ ಮಾಡಿಕೊಂಡರು.

ಆಗಲೂ ಒಂದು ತೊಡಕು ಉಳಿಯಿತು. ಕ್ಯಾಮೆರಾ ಒಂದು ವೇಗದಲ್ಲಿ, ಟೇಪ್ ರೆಕಾರ್ಡರ್ ಇನ್ನೊಂದು ವೇಗದಲ್ಲಿ ಓಡಿದರೆ ತುಟಿಯೇ ಬೇರೆ, ಮಾತೇ ಬೇರೆ. ಎರಡನ್ನೂ ತಂತಿಯಿಂದ ಕಟ್ಟಿದರೆ ಕ್ಯಾಮೆರಾದವರೂ ಧ್ವನಿಯವರೂ ಒಬ್ಬರನ್ನೊಬ್ಬರು ಎಳೆದುಕೊಂಡೇ ಓಡಾಡಬೇಕು. ಉಪಾಯ ಸಿಕ್ಕಿದ್ದು ಕೈಗಡಿಯಾರದಲ್ಲಿ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಬುಲೋವಾ ಅಕ್ಯುಟ್ರಾನ್ ಗಡಿಯಾರದೊಳಗೆ ಸೆಕೆಂಡಿಗೆ 360 ಸಲ ಕಂಪಿಸುವ ಪುಟ್ಟ ಶ್ರುತಿಕವೆಯೊಂದಿತ್ತು. ಆ ಕಂಪನವನ್ನೇ ಅಳತೆಗೋಲು ಮಾಡಿಕೊಂಡು ಎರಡೂ ಯಂತ್ರಗಳ ವೇಗವನ್ನು ಸರಿದೂಗಿಸಿದರು. ಗಾಯಕರೂ ವಾದ್ಯಗಾರರೂ ಒಂದೇ ತಂಬೂರಿಗೆ ಶ್ರುತಿ ಸೇರಿಸಿಕೊಂಡು ಕೂತ ಹಾಗೆ, ಕ್ಯಾಮೆರಾವೂ ರೆಕಾರ್ಡರೂ ಒಂದೇ ಕಂಪನಕ್ಕೆ ಹೊಂದಿಕೊಂಡವು. ತಂತಿ ಕಡಿದುಬಿತ್ತು. ಡೈರೆಕ್ಟ್ ಸಿನಿಮಾ ಎಂದು ಜಗತ್ತು ಕರೆದ ಇಡೀ ಪರಂಪರೆ, ಗಾಯಕ ಬಾಬ್ ಡಿಲನ್ ಅವರ 1965ರ ಇಂಗ್ಲೆಂಡ್ ಪ್ರವಾಸವನ್ನು ಹಿಂಬಾಲಿಸಿ ಪೆನ್ನೆಬೇಕರ್ ತೆಗೆದ ‘ಡೋಂಟ್ ಲುಕ್ ಬ್ಯಾಕ್’ ಕೂಡ, ಇಂಥ ಬಿಡುಗಡೆಯ ಫಲ.

ಮಾಂಟೆರೆಗೆ ಇದೇ ಗೆಳೆಯರ ತಂಡ ಹೋಯಿತು. ಧ್ವನಿಗೆ ಎಂಟು ಟ್ರ್ಯಾಕ್‌ಗಳ ರೆಕಾರ್ಡರ್ ಇತ್ತು. ಫಿಲ್ಮ್ ಮಾತ್ರ ಎಣಿಸಿ ಖರ್ಚು ಮಾಡುವ ಸರಕು, 16 ಎಂ.ಎಂ.ನ 400 ಅಡಿ ಸುರುಳಿ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಮೂರು ದಿನದ ಎಲ್ಲ ಹಾಡುಗಳನ್ನೂ ಹಿಡಿಯುವುದು ಆಗದ ಮಾತು. ಯಾವ ಹಾಡಿಗೆ ಕ್ಯಾಮೆರಾ ಓಡಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಆ ಕ್ಷಣವೇ ಆಗಬೇಕು. ಇಂದು ಫೋನ್ ಹಿಡಿದು ಇಡೀ ಕಚೇರಿಯನ್ನು ಚಿತ್ರಿಸಿಕೊಳ್ಳುವ ನಮಗೆ ಆ ಒತ್ತಡದ ಬೆಲೆ ಗೊತ್ತಾಗುವುದಿಲ್ಲ. ಅವರು ಪ್ರತಿ ನಿಮಿಷವೂ ಕಿವಿ ತೆರೆದೇ ಇರಬೇಕಿತ್ತು. ಹಾಡು ಎತ್ತ ಹೋಗುತ್ತದೆ ಎಂದು ಊಹಿಸಬಲ್ಲವರಿಗೆ ಮಾತ್ರ ಒದಗುವ ಕೆಲಸ ಅದು. ಸಂಕಲನ ಮಾಡಿದವರು ನೀನಾ ಶುಲ್ಮನ್.

ಗಾಯಕಿ ಜಾನಿಸ್ ಜಾಪ್ಲಿನ್ ಶನಿವಾರ ಹಾಡಿದ್ದನ್ನು ಚಿತ್ರಿಸಲು ಅವರ ತಂಡದ ವ್ಯವಸ್ಥಾಪಕರು ಒಪ್ಪಲಿಲ್ಲ. ಸಭೆಯನ್ನೇ ಅಲುಗಿಸಿದ್ದ ಆಕೆ ಭಾನುವಾರ ಮತ್ತೆ ವೇದಿಕೆ ಏರಿದರು, ಕ್ಯಾಮೆರಾಕ್ಕಾಗಿ. ನಮಗೆ ಈಗ ಕಾಣುವುದು ಆ ಎರಡನೆಯ ಹಾಡುಗಾರಿಕೆ. ಅದನ್ನು ಕೇಳುತ್ತ ಪ್ರೇಕ್ಷಕರ ನಡುವೆ ಕೂತ ಗಾಯಕಿ ಕ್ಯಾಸ್ ಎಲಿಯಟ್ ಬಾಯಿ ತೆರೆದು ಬೆರಗಾಗುವ ಒಂದು ತುಣುಕು ಇದೆ. ಹಾಡಿದವರ ಸಾಧನೆ ಏನೆಂಬುದಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಿಲ್ಲ. ಓಟಿಸ್ ರೆಡ್ಡಿಂಗ್ ಅವರನ್ನು ಪೆನ್ನೆಬೇಕರ್ ಬೆನ್ನ ಹಿಂದಿನಿಂದ ಚಿತ್ರಿಸಿದ್ದಾರೆ. ಎದುರಿನ ದೀಪ ನೇರವಾಗಿ ಮಸೂರಕ್ಕೆ ಬಡಿದು, ಗಾಯಕ ಬೆಳಕಿನೊಳಗೆ ಕರಗಿ ಕರಗಿ ಮೂಡುತ್ತಾನೆ.

ಭಾನುವಾರದ ಮಧ್ಯಾಹ್ನಕ್ಕೆ ಮರಳುತ್ತೇನೆ. ರವಿಶಂಕರ್ ಅಂದು ಗಂಟೆಗಟ್ಟಲೆ ನುಡಿಸಿದರು. ಭೀಮ್‌ಪಲಾಸಿ ರಾಗ ಇತ್ತು, ಅಲ್ಲಾ ರಖಾ ಅವರ ತಬಲಾ ಸೋಲೋ ಇತ್ತು. ಧ್ವನಿಮುದ್ರಿಕೆಯಲ್ಲಿ ಅವು ಸಿಗುತ್ತವೆ. ಚಿತ್ರ ಆರಿಸಿಕೊಂಡದ್ದು ಕೊನೆಯ ಧುನ್ ಅನ್ನು. ಸಿತಾರ್ ಮತ್ತು ತಬಲಾ ಪ್ರಶ್ನೋತ್ತರಕ್ಕೆ ಇಳಿಯುವಾಗ ಇಬ್ಬರ ಮುಖದಲ್ಲೂ ಮೂಡುವ ನಗುವನ್ನು ಕ್ಯಾಮೆರಾ ಬಹಳ ಹತ್ತಿರದಿಂದ ಹಿಡಿದಿದೆ. ನಮ್ಮ ಕಡೆಯ ಕೇಳುಗರಿಗೆ ಇಲ್ಲೊಂದು ಆಪ್ತ ಸಂಗತಿಯಿದೆ. ಲಯವಾದ್ಯದವರಿಗೆ ಸಮಾನ ಸ್ಥಾನ ಕೊಡುವುದನ್ನು ರವಿಶಂಕರ್ ಕರ್ನಾಟಕ ಸಂಗೀತದ ತನಿ ಆವರ್ತನದ ಪದ್ಧತಿಯಿಂದಲೂ ಕಲಿತವರು. ಕೀರವಾಣಿ, ಚಾರುಕೇಶಿಯಂಥ ರಾಗಗಳನ್ನು ಉತ್ತರಕ್ಕೆ ಒಯ್ದವರಲ್ಲಿ ಅವರೂ ಒಬ್ಬರು. ಅದೇ 1967ರಲ್ಲಿ ಅವರ ಗುರುಬಂಧು ಅಲಿ ಅಕ್ಬರ್ ಖಾನ್ ಕ್ಯಾಲಿಫೋರ್ನಿಯಾದಲ್ಲಿ ಸಂಗೀತ ಕಾಲೇಜು ತೆರೆದರು. ಅಲಿ ಅಕ್ಬರರ ಶಿಷ್ಯ, ನಮ್ಮ ಪಂಡಿತ್ ರಾಜೀವ ತಾರಾನಾಥರು ಮುಂದೆ ಅದೇ ರಾಜ್ಯದಲ್ಲಿ ವರ್ಷಗಟ್ಟಲೆ ಪಾಠ ಹೇಳಿದರು.

ಆದರೆ ರವಿಶಂಕರ್ ಮಾಂಟೆರೆಯಿಂದ ಪೂರ್ತಿ ಸಂತೋಷದಿಂದ ಮರಳಲಿಲ್ಲ. ವಾದ್ಯ ಅವರ ಪಾಲಿಗೆ ಪೂಜೆಯ ವಸ್ತು. ‘ದಿ ಹೂ’ ಎಂಬ ರಾಕ್ ತಂಡ ಗಿಟಾರ್ ಒಡೆದದ್ದು, ಹೆಂಡ್ರಿಕ್ಸ್ ಸುಟ್ಟದ್ದು ಅವರನ್ನು ಗಾಢವಾಗಿ ನೋಯಿಸಿತು. ತಮ್ಮ ಸಂಗೀತವನ್ನು ಮಾದಕವಸ್ತುಗಳ ಜೊತೆ ತಳುಕು ಹಾಕುವುದನ್ನೂ ಅವರು ಕೊನೆಯವರೆಗೆ ವಿರೋಧಿಸಿದರು.

ಪೆನ್ನೆಬೇಕರ್ ಕಸುಬಿನ ಹಿರಿಮೆ ನನಗೆ ಕಂಡದ್ದು ಇಲ್ಲಿ. ನಿಜದಲ್ಲಿ ಸಿತಾರ್ ನುಡಿದದ್ದು ಮಧ್ಯಾಹ್ನ, ಗಿಟಾರ್ ಉರಿದದ್ದು ಅಂದಿನ ರಾತ್ರಿ. ಚಿತ್ರ ಈ ಕ್ರಮವನ್ನು ತಿರುಗಿಸಿಟ್ಟಿದೆ. ಒಡೆದದ್ದೂ ಉರಿದದ್ದೂ ಮೊದಲು, ಸಿತಾರ್ ಕೊನೆಗೆ. ಹಿಂದಿನ ರೊಚ್ಚನ್ನೆಲ್ಲ ನೋಡಿ ಬಂದ ಕಿವಿಗೆ ಆ ಧುನ್ ಬೇರೆಯೇ ಆಗಿ ಕೇಳುತ್ತದೆ. ಜೊತೆಗೆ, ಸಂಗೀತ ನಡೆಯುವುದು ವೇದಿಕೆಯ ಮೇಲೆ ಮಾತ್ರವಲ್ಲ, ಕೇಳುವವರ ಒಳಗೂ ನಡೆಯುತ್ತದೆ ಎಂಬುದನ್ನು ವಿವರಣೆಯ ಒಂದು ಮಾತೂ ಇಲ್ಲದೆ ಆ ಮೊದಲ ನಿಮಿಷಗಳು ಹೇಳಿಬಿಡುತ್ತವೆ. ಒಳ್ಳೆಯ ರಾಕ್ ಸಾಕ್ಷ್ಯಚಿತ್ರಕ್ಕೆ ಹಾಡುಗಾರರಷ್ಟೇ ಕೇಳುಗರೂ ಕಥಾನಾಯಕರು. ಎರಡು ವರ್ಷದ ಮೇಲೆ ಆಲ್ಟಮಾಂಟ್‌ನ ರಾಕ್ ಕಚೇರಿಯಲ್ಲಿ ಪ್ರೇಕ್ಷಕನೊಬ್ಬನ ಕೊಲೆಯಾದಾಗ ಮೇಸಲ್ಸ್ ಸೋದರರ ‘ಗಿಮ್ಮೀ ಶೆಲ್ಟರ್’ ಕೂಡ ನೋಡಿದ್ದು ಜನರ ಮುಖಗಳನ್ನೇ. ಅಲ್ಲಿ ಕಂಡದ್ದು ಭಯ.

ಇಂಥ ಚಿತ್ರಗಳು ಇಂದು ಉಳಿದಿರುವುದು ಚಿತ್ರೋತ್ಸವಗಳ ನೆರಳಿನಲ್ಲಿ. ‘ವುಡ್‌ಸ್ಟಾಕ್’ ಸಾಕ್ಷ್ಯಚಿತ್ರ 1970ರಲ್ಲಿ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ 1969ರಲ್ಲಿ ನಡೆದ ಕರಿಯರ ಸಂಗೀತೋತ್ಸವದ ಸುಮಾರು 40 ಗಂಟೆಗಳ ಚಿತ್ರಣ ಅರ್ಧ ಶತಮಾನ ನೆಲಮಾಳಿಗೆಯಲ್ಲಿ ಕೂತಿತ್ತು. ಅದು ‘ಸಮ್ಮರ್ ಆಫ್ ಸೋಲ್’ ಆಗಿ 2021ರಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲು ಬೆಳಕು ಕಂಡಿತು. ‘ಮಾಂಟೆರೆ ಪಾಪ್’ ಅನ್ನು ಐವತ್ತನೆಯ ವರ್ಷದ ನೆಪದಲ್ಲಿ 2017ರಲ್ಲಿ 4ಕೆ ಗುಣಮಟ್ಟದಲ್ಲಿ ಹೊಸದಾಗಿಸಿದರು. ಮರುವರ್ಷ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂರಕ್ಷಣಾ ಪಟ್ಟಿಗೂ ಸೇರಿತು. ಉತ್ಸವಗಳಲ್ಲಿ ಸಾಕ್ಷ್ಯಚಿತ್ರಗಳಿಗೆ ಸಿಗುವುದು ಸಾಮಾನ್ಯವಾಗಿ ಚಿಕ್ಕ ತೆರೆ, ಅನಾನುಕೂಲದ ಹೊತ್ತು. ಸಂಗೀತದ ಚಿತ್ರಗಳಿಗಾದರೂ ದೊಡ್ಡ ತೆರೆಯನ್ನೂ ಒಳ್ಳೆಯ ಧ್ವನಿಯನ್ನೂ ಸಂಘಟಕರು ಒದಗಿಸಲಿ ಎಂಬುದು ನನ್ನ ಬೇಡಿಕೆ. ಕೈಯಲ್ಲಿನ ಫೋನಿನಲ್ಲಿ ಹಾಡು ಕೇಳಿಸೀತು, ಜನಸ್ತೋಮ ಕಾಣಿಸದು.

ನಮ್ಮೂರಿನ ಬಗ್ಗೆಯೂ ಒಂದು ಮಾತು. 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿಗಳಿಗೆ ಬೆಂಗಳೂರಿನ ಕೋಟೆ ಶಾಲೆಯ ಮೈದಾನದಲ್ಲಿ ತಲೆಮಾರುಗಳು ಸೇರಿವೆ. ಚಪ್ಪರದ ಹೊರಗೆ ರಸ್ತೆಯ ಅಂಚಿನಲ್ಲಿ ನಿಂತು ಕೇಳಿದವರಿದ್ದಾರೆ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಂಬ ರಾಕ್ ತಂಡಗಳು ಬಂದಾಗ ಅರಮನೆ ಮೈದಾನದಲ್ಲಿ ಇನ್ನೊಂದು ಪೀಳಿಗೆ ತುಂಬಿಕೊಂಡಿತ್ತು. ಹಾಡಿದವರ ದನಿ ಧ್ವನಿಮುದ್ರಿಕೆಗಳಲ್ಲಿ ಇದ್ದೇ ಇರುತ್ತದೆ. ಕೇಳಿದವರನ್ನು ಹುಡುಕಿಕೊಂಡು ಹೋಗುವ ಕ್ಯಾಮೆರಾ, ಅದನ್ನು ಕಾಪಾಡುವ ಭಂಡಾರ, ತೋರಿಸುವ ತೆರೆ ಈ ಮೂರೂ ನಮಗೆ ಬೇಕು.

ಓಟಿಸ್ ರೆಡ್ಡಿಂಗ್ ಮಾಂಟೆರೆಯ ಆರೇ ತಿಂಗಳಿಗೆ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹೆಂಡ್ರಿಕ್ಸ್ ಮತ್ತು ಜಾನಿಸ್ 1970ರಲ್ಲಿ ಹೋದರು, ಇಬ್ಬರಿಗೂ 27. ಅಲ್ಲಾ ರಖಾ 2000ದಲ್ಲಿ, ಲೀಕಾಕ್ 2011ರಲ್ಲಿ, ರವಿಶಂಕರ್ 2012ರಲ್ಲಿ, ಪೆನ್ನೆಬೇಕರ್ 94ನೆಯ ವಯಸ್ಸಿನಲ್ಲಿ 2019ರಲ್ಲಿ. ಅವರ ಹೆಸರುಗಳನ್ನು ಚರಿತ್ರೆ ಬರೆದಿಟ್ಟುಕೊಂಡಿದೆ. ಹುಲ್ಲಿನ ಮೇಲೆ ಕೂತಿದ್ದ ಆ ಹುಡುಗ ಹುಡುಗಿಯರು ಇಂದು ಬದುಕಿದ್ದರೆ ಎಂಬತ್ತರ ಆಸುಪಾಸಿನವರು. ಅವರ ಹೆಸರು ಯಾರೂ ಬರೆದುಕೊಂಡಿಲ್ಲ. ಒಂದು ಮಧ್ಯಾಹ್ನ ಅವರು ಎಷ್ಟು ಚೆನ್ನಾಗಿ ಕೇಳಿದರು ಎಂಬುದಕ್ಕೆ ಇರುವ ಸಾಕ್ಷಿ ಈ ಚಿತ್ರ.