ಮೃತರ ಸೊತ್ತಿನ ಲೆಕ್ಕ

ಮನೆಯ ಯಜಮಾನನು ಕಾಲವಾದರೆ ಹದಿಮೂರು ದಿನಗಳ ಕರ್ಮವನ್ನು ನಡೆಯಿಸತಕ್ಕ ಕ್ರಮವು ನಮ್ಮಲ್ಲಿ ಎಲ್ಲರಿಗೂ ವಿದಿತವಾಗಿದೆ. ಅಮೆರಿಕದಲ್ಲಿ ನೆಲಸಿರುವ ನಮ್ಮ ಮಕ್ಕಳ ಮನೆಗಳಲ್ಲಿಯಾದರೋ ಸಾವಿನ ದಿನದಿಂದಲೇ ಇನ್ನೊಂದು ಗಣನೆಯೂ ಮೊದಲಾಗುವುದುಂಟು. ಅದನ್ನರಿಯದೆ ತೊಳಲಿದ ಒಂದು ಕುಟುಂಬದ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ.

ನಮ್ಮಲ್ಲಿ ಓದಿದ ಶಿಷ್ಯನೊಬ್ಬನು ಮ್ಯಾಸಚೂಸೆಟ್ಸ್ ಸಂಸ್ಥಾನದ ಬಾಸ್ಟನ್ ನಗರದ ಬಳಿ ಮೂವತ್ತು ವರ್ಷ ಉದ್ಯೋಗದಲ್ಲಿದ್ದು, ಅಕಸ್ಮಾತ್ತಾಗಿ ತೀರಿಕೊಂಡನು. ಏಳನೆಯ ತಿಂಗಳಿನಲ್ಲಿ ಅವನ ತಮ್ಮನು ನಮ್ಮ ಮನೆಗೆ ಬಂದು, “ಮೇಷ್ಟ್ರೇ, ಮೈಸೂರಿನ ಮನೆಯಲ್ಲಿ ಅಣ್ಣನ ಪಾಲೆಷ್ಟೆಂದು ಅಲ್ಲಿಯ ವಕೀಲರು ಕೇಳುತ್ತಿದ್ದಾರೆ. ಪಾಲುಪಟ್ಟಿಗೆ ತಾವೇ ಸಾಕ್ಷಿ ಹಾಕಿದ್ದಿರಲ್ಲವೇ?” ಎಂದನು. ಅವನ ಅತ್ತಿಗೆಯು ಅಲ್ಲಿಯ ಮನೆಯನ್ನು ಮಾರಿ ಮಗಳ ಊರಿಗೆ ಹೋಗಲು ಹೊರಟಾಗಲೇ ತೊಡಕು ತಿಳಿದಿತ್ತು.

ಆ ದೇಶದ ಕೇಂದ್ರ ಸರ್ಕಾರವು ಮೃತರ ಸೊತ್ತಿನ ಮೇಲೆ ತೆರಿಗೆ ವಿಧಿಸುವುದಾದರೂ, 2026ರಲ್ಲಿ ಮೃತರಾಗುವವರಿಗೆ 1.5 ಕೋಟಿ ಡಾಲರುಗಳವರೆಗೆ ಅದು ತಗಲದು. ಆದುದರಿಂದ ಸಾಮಾನ್ಯ ಗೃಹಸ್ಥರು ಇದು ಧನಿಕರ ಗೊಡವೆಯೆಂದು ಸುಮ್ಮನಿರುತ್ತಾರೆ. ಆದರೆ ಕೆಲವು ಸಂಸ್ಥಾನಗಳು ಬೇರೆಯಾಗಿ ತಮ್ಮದೇ ತೆರಿಗೆಯನ್ನಿಟ್ಟಿವೆ. ಮ್ಯಾಸಚೂಸೆಟ್ಸಿನಲ್ಲಿ 2023ರಿಂದ ಇದರ ಮಿತಿ 20 ಲಕ್ಷ ಡಾಲರು. ಆರಿಗನ್ನಿನಲ್ಲಿ ಕೇವಲ 10 ಲಕ್ಷ. ಮನೆಯಲ್ಲಿ ಮೃತನ ಭಾಗ, ನಿವೃತ್ತಿನಿಧಿ, ಉಳಿತಾಯ, ತನ್ನ ಹೆಸರಿನಲ್ಲಿಟ್ಟಿದ್ದ ಜೀವವಿಮೆಯ ಹಣ, ಭಾರತದಲ್ಲಿರುವ ಪಾಲು, ಇವೆಲ್ಲವೂ ಸಾವಿನ ದಿನದ ಬೆಲೆಯಲ್ಲಿ ಒಟ್ಟುಗೂಡುತ್ತವೆ. ಐಶ್ವರ್ಯವಂತನೆಂದು ತನ್ನನ್ನೆಂದೂ ತಿಳಿಯದಿದ್ದವನೂ ಹೀಗೆ ಮಿತಿಯನ್ನು ದಾಟಿಬಿಡುತ್ತಾನೆ.

ದಾಟಿದರೆ ಮ್ಯಾಸಚೂಸೆಟ್ಸಿನಲ್ಲಿ ಒಂಬತ್ತು ತಿಂಗಳೊಳಗೆ ರಿಟರ್ನು ಸಲ್ಲಿಸತಕ್ಕದ್ದು. ಸಲ್ಲಿಸಲು ಹೆಚ್ಚಿನ ಕಾಲಾವಕಾಶ ದೊರೆತರೂ, ತೆರಿಗೆಯ ಹಣಕ್ಕೆ ಬಡ್ಡಿಯು ಮೊದಲಿನ ಗಡುವಿನಿಂದಲೇ ಓಡುತ್ತದೆ. ಮೇಲಾಗಿ ಮೃತನ ಸ್ಥಿರಾಸ್ತಿಯ ಮೇಲೆ ಸರ್ಕಾರದ ಹಕ್ಕು ತಾನಾಗಿಯೇ ಬಂದು ಕೂಡುತ್ತದೆ. ಅದರ ಬಿಡುಗಡೆಯ ಪತ್ರವಿಲ್ಲದೆ ಮನೆಯನ್ನು ಕೊಳ್ಳುವವರು ಮುಂದೆ ಬರುವುದಿಲ್ಲ.

ಪತಿಯಿಂದ ಪತ್ನಿಗೆ ಬರುವ ಸೊತ್ತಿಗೆ ವಿನಾಯಿತಿಯುಂಟು. ಆದರೆ ಪತ್ನಿಯು ಅಲ್ಲಿಯ ಪೌರಳಲ್ಲದಿದ್ದರೆ ಅದು ನೇರವಾಗಿ ದೊರೆಯದು. ಅದಕ್ಕಾಗಿ ವಿಶಿಷ್ಟವಾದ ಟ್ರಸ್ಟನ್ನೇರ್ಪಡಿಸಬೇಕು. ನಮ್ಮ ಶಿಷ್ಯನ ಪತ್ನಿಯು ಹಿಂದೆಯೇ ಪೌರತ್ವವನ್ನು ಪಡೆದಿದ್ದುದರಿಂದ ಆಕೆಗೆ ತೆರಿಗೆ ತಪ್ಪಿತು; ರಿಟರ್ನು ಮಾತ್ರ ತಪ್ಪಲಿಲ್ಲ. ಇಂಥ ವಿಷಯಗಳನ್ನು ಅಲ್ಲಿಯ ಕಾನೂನು ಬಲ್ಲವರಿಂದಲೇ ತಿಳಿಯುವುದು ಶ್ರೇಯಸ್ಕರ.

ನಮ್ಮ ದೇಶದಲ್ಲಿಯೂ 1953ರಿಂದ 1985ರವರೆಗೆ ಇಂಥದೇ ತೆರಿಗೆಯಿದ್ದಿತು. ಇಂದು ಅದಿಲ್ಲ. ಆದರೂ ಮೃತನ ಆದಾಯಕ್ಕೆ ಸಲ್ಲಬೇಕಾದ ತೆರಿಗೆಯ ಹೊಣೆಯು ತಮಗೆ ಬಂದ ಸೊತ್ತಿನ ಮಟ್ಟಿಗೆ ವಾರಸುದಾರರ ಮೇಲಿರುತ್ತದೆ. ಇದು ಹೊಸ ಮಾತೇನಲ್ಲ. ರಿಕ್ಥವನ್ನು ಪಡೆದವನೇ ಋಣವನ್ನೂ ತೀರಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು.

ಪಾಲುಪಟ್ಟಿಯ ಮೂಲಪ್ರತಿಯು ಎಲ್ಲಿಯೂ ಸಿಕ್ಕಲಿಲ್ಲ. ವರ್ಷವು ನಮ್ಮ ನೆನಪಿನಲ್ಲಿದ್ದುದರಿಂದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಿ ದೃಢೀಕೃತ ನಕಲನ್ನು ತೆಗೆಯಿಸಿದೆವು. ಬೆಲೆಯ ಅಂದಾಜು ಸೇರಿ ಕಾಗದಗಳು ಬಾಸ್ಟನ್ ಮುಟ್ಟುವಾಗ ಗಡುವಿಗೆ ಹನ್ನೊಂದು ದಿನ ಉಳಿದಿದ್ದವು. ಪತಿಯ ಅಗಲಿಕೆಯ ದುಃಖದಲ್ಲಿಯೇ ಆ ತಾಯಿಯು ಅವನ ಪೆಟ್ಟಿಗೆ ಬೀರುಗಳನ್ನೆಲ್ಲ ಜಾಲಾಡಿದಳಂತೆ. ಅವನಿಗೆ ಎಷ್ಟು ಖಾತೆಗಳಿದ್ದುವೆಂಬುದು ಕೂಡ ಆಕೆಗೆ ತಿಳಿದಿರಲಿಲ್ಲ.

ಸೊತ್ತು, ಸಾಲ, ವಿಮೆ, ಪತ್ರಗಳಿರುವ ಸ್ಥಳ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪತ್ನಿಗೆ ತಿಳಿಸಿಡುವುದು ಅಮಂಗಳವಲ್ಲ, ಅದೂ ಗೃಹಸ್ಥಧರ್ಮವೇ. ಆ ನಕಲನ್ನು ಕಳುಹಿಸಿದ ಸಂಜೆ ನಾವೂ ಕುಳಿತು ನಮ್ಮ ಪಟ್ಟಿಯನ್ನು ಬರೆದು ಮನೆಯವರ ಕೈಗೆ ಕೊಟ್ಟೆವು.